ಅಪ್ಪ ಹಾಕಿದ ಗುಡ್ಲು

ಅಮ್ಮನ ತಿಥಿ ಊಟದ ಎಲೆ ಎತ್ತುವ ಮೊದಲೇ ನೆಂಟರು ನಮ್ಮನ್ನು ಪಾಲು ಹಾಕಿಕೊಂಡು ಮುಗಿಸಿದ್ದರು. ನಾನು ಮಾಲೂರಿನ ಪಿಳ್ಳಪ್ಪ ಮಾವನ ಪಾಲು, ಅಂದರೆ ಅಮ್ಮನ ತಮ್ಮನ ಪಾಲು. ನನ್ನ ತಮ್ಮ ಸೀನ, ಇನ್ನೂ ಚಡ್ಡಿ ಲಾಡಿ ಕಟ್ಟಿಕೊಳ್ಳಲು ಬಾರದ ಕೂಸು, ಕೋಲಾರದ ಅತ್ತೆಯ ಪಾಲು. ಅಮ್ಮ ನೀರು ಕಾಯಿಸುತ್ತಿದ್ದ ತಾಮ್ರದ ಹಂಡೆಯೂ ಪಿಳ್ಳಪ್ಪ ಮಾವನಿಗೇ ಹೋಯಿತು, ಅಕ್ಕನ ನೆನಪಿಗೆ ಇರಲಿ ಅಂತ. ಬದುಕಿದ್ದಾಗ ಒಂದು ದಿನಕ್ಕೂ ನೆನಪಾಗದ ಅಕ್ಕ ಸತ್ತ ಮೇಲೆ ಹಂಡೆಯ ರೂಪದಲ್ಲಿ ನೆನಪಾದಳು. ಇಂಥ ನೆಂಟರನ್ನು ಆಮೇಲೆ ಬೇಕಾದಷ್ಟು ಊರುಗಳಲ್ಲಿ ನೋಡಿದ್ದೇನೆ. ಒಂದು ಕಣ್ಣಿನಲ್ಲಿ ನೀರು, ಇನ್ನೊಂದು ಕಣ್ಣು ಅಟ್ಟದ ಮೇಲೆ. ಗಂಡಸು ಒಬ್ಬನೇ ಎಲ್ಲಾದರೂ ಮಕ್ಕಳನ್ನು ಸಾಕುತ್ತಾನೆಯೇ ಅನ್ನುವುದು ಅವರ ವಾದ. ಅವರವರ ಮನೆಗಳಲ್ಲಿ ಹೆಂಗಸು ಒಬ್ಬಳೇ ಮಕ್ಕಳನ್ನೂ ಗಂಡನನ್ನೂ ಗಂಡನ ಎತ್ತುಗಳನ್ನೂ ಸಾಕುತ್ತಿದ್ದಳು. ಅದು ಯಾರಿಗೂ ಸೋಜಿಗ ಅನ್ನಿಸಿರಲಿಲ್ಲ.

ಅಪ್ಪ ವಾದ ಮಾಡುವ ಜಾತಿಯಲ್ಲ. ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ನಾಳೆ ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ ಅಂತ ಹೇಳಿ ನೆಂಟರು ಹೊರಟರು. ಮಾರನೇ ದಿನ ಅವರು ಬರುವ ಹೊತ್ತಿಗೆ ಬಾಡಿಗೆ ಮನೆಯ ಬೀಗದ ಕೈ ಯಜಮಾನರ ಕೈಯಲ್ಲಿತ್ತು, ಹಾರ್ಮೋನಿಯಂ ಕಂಬಳಿಯಲ್ಲಿ ಸುತ್ತಿಸಿಕೊಂಡು ಬಸ್ಸಿನ ಟಾಪಿನ ಮೇಲಿತ್ತು, ನಾವಿಬ್ಬರೂ ಅಪ್ಪನ ತೊಡೆಯ ಎರಡು ಕಡೆ ಕೂತು ಶ್ರೀನಿವಾಸಪುರದ ದಾರಿಯಲ್ಲಿದ್ದೆವು. ಎಲ್ಲಿಗೆ ಅಂತ ಅಪ್ಪನಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಅಲ್ಲಿಂದ ಮುಂದೆ ಆರೇಳು ವರ್ಷ ನಾವು ಮೂವರೂ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತಲೇ ಇದ್ದೆವು.

ಅಪ್ಪ ಹಾರ್ಮೋನಿ ಮೇಷ್ಟ್ರು. ಹಾಗೆಂದರೆ ಏನು ಅಂತ ಈಗಿನವರಿಗೆ ಬಿಡಿಸಿ ಹೇಳಬೇಕು. ರಾಗಿ ಕಣ ಮುಗಿದು ಕೈ ಖಾಲಿಯಾದರೆ ನಮ್ಮ ಕಡೆ ಊರಿನ ಗಂಡಸರಿಗೆ ನಾಟಕದ ಹುಚ್ಚು ಹತ್ತುತ್ತಿತ್ತು. ಎಲೆ ಅಡಿಕೆ ತಟ್ಟೆ ಹಿಡಿದು ಬಂದು ಮೇಷ್ಟ್ರನ್ನು ಕರೆಯುವರು. ಮೇಷ್ಟ್ರು ಮೂರು ನಾಲ್ಕು ತಿಂಗಳು ಆ ಊರಿನಲ್ಲೇ ಇದ್ದು, ಹುಟ್ಟಿದಾಗಿನಿಂದ ಎತ್ತುಗಳನ್ನು ಗದರಿಸುವುದಕ್ಕೆ ಮಾತ್ರ ಬಳಸಿದ್ದ ಗಂಟಲುಗಳಿಗೆ ಪದ್ಯ ಕಲಿಸಬೇಕು. ರಾಯಲ್ಪಾಡಿನ ಕಡೆಗೆ ಪದ್ಯ ತೆಲುಗಿನಲ್ಲಿ, ಮಾತು ಕನ್ನಡದಲ್ಲಿ. ಎರಡನ್ನೂ ಒಂದೇ ಸಮ ಕೊಲ್ಲುತ್ತಿದ್ದರು. ರಾಜನ ಪಾರ್ಟು ಯಾವ ಊರಿನಲ್ಲಾದರೂ ಗೌಡರಿಗೆ, ಇಲ್ಲವೇ ಗೌಡರ ಮಗನಿಗೆ. ರಾಜನಿಗೆ ಶ್ರುತಿ ಜ್ಞಾನ ಬೇಕು ಅಂತ ಯಾರೂ ಹೇಳಿರಲಿಲ್ಲ, ನೀರಾವರಿ ಬೇಕು ಅಂತ ಮಾತ್ರ ಎಲ್ಲರಿಗೂ ಗೊತ್ತಿತ್ತು. ಅಪ್ಪ ಹಾರ್ಮೋನಿಯಂನ ಶ್ರುತಿಯ ಮನೆಯನ್ನು ಎತ್ತರಿಸಿ ಇಳಿಸಿ, ರಾಜರ ಗಂಟಲು ಎಲ್ಲಿ ಅಡಗಿದೆ ಅಂತ ಹುಡುಕುತ್ತಾ ಕೂತಿರುತ್ತಿದ್ದರು. ಸಿಕ್ಕಲಿಲ್ಲ ಅಂತ ಒಂದು ಸಲವೂ ಬಾಯಿ ಬಿಟ್ಟು ಹೇಳಿದ್ದಿಲ್ಲ.

ಊಟ ಸರದಿಯ ಮೇಲೆ. ಒಂದೊಂದು ದಿನ ಒಬ್ಬೊಬ್ಬ ಪಾರ್ಟುಗಾರನ ಮನೆ. ಪಾರ್ಟು ದೊಡ್ಡದಾದಷ್ಟೂ ಸಾರು ತೆಳ್ಳಗಿರುವುದನ್ನು ನಾನು ಬಹಳ ಬೇಗ ಕಂಡುಕೊಂಡೆ. ತನ್ನ ಪಾರ್ಟನ್ನು ಯಾವ ಮೇಷ್ಟ್ರೂ ಕಿತ್ತುಕೊಳ್ಳಲಾರ ಅನ್ನುವ ಧೈರ್ಯವಿದ್ದ ರಾಜನ ಮನೆಯಲ್ಲಿ ನೆನ್ನೆಯ ಹುರುಳಿಕಾಳಿನ ಕಟ್ಟು. ಎರಡೇ ಮಾತಿನ ಬಾಗಿಲು ಕಾಯುವವನ ಮನೆಯಲ್ಲಿ ಅವರೆಕಾಳಿನ ಸಾರು, ಮುದ್ದೆಯ ಮೇಲೆ ತುಪ್ಪ. ಬಡಿಸುವ ಹೆಂಗಸರು ಸೀನನ ತಲೆ ಸವರಿ ಅಯ್ಯೋ ತಬ್ಬಲಿ ಮುಂಡೇದೆ ಅನ್ನುವರು. ಹಾಗೆ ಅನ್ನುತ್ತಾ ಅನ್ನುತ್ತಾ ಸೌಟು ಪಾತ್ರೆಗೆ ವಾಪಸ್ಸು ಹೋಗುತ್ತಿತ್ತು. ಕನಿಕರ ಹೆಚ್ಚಿದ ಮನೆಯಲ್ಲಿ ಮುದ್ದೆ ಚಿಕ್ಕದು. ಇವತ್ತಿಗೂ ಯಾರಾದರೂ ನನ್ನ ಮುಂದೆ ಯಾರನ್ನೋ ಕುರಿತು ಅಯ್ಯೋ ಪಾಪ ಅಂದರೆ ನನ್ನ ಕಣ್ಣು ಮೊದಲು ಅವರ ಕೈ ಎಲ್ಲಿದೆ ಅಂತ ನೋಡುತ್ತದೆ.

ಅಪ್ಪನಿಗೆ ಇವೆಲ್ಲ ತಾಗುತ್ತಿರಲಿಲ್ಲ. ಅವರಿಗೆ ತಾಗುತ್ತಿದ್ದದ್ದು ನನ್ನ ತಲೆಗೂದಲು ಒಂದೇ. ಮೊದಲ ಊರಿನಲ್ಲಿ ಅದನ್ನು ಬಾಚಲು ಬಾರದೆ ಹಗ್ಗದ ಹಾಗೆ ಹೊಸೆದುಬಿಟ್ಟಿದ್ದರು. ನೋಡಿದವರು ನಕ್ಕಿದ್ದರು. ಎರಡನೇ ಊರಿನಲ್ಲಿ ಒಂದು ಮನೆಯ ಜಗಲಿಯ ಮೇಲೆ ಮುದುಕಿಯೊಬ್ಬಳ ಪಕ್ಕ ಕೂತು, ಅವಳು ಮೊಮ್ಮಗಳಿಗೆ ಜಡೆ ಹಾಕುವುದನ್ನು ನೋಡಿ ಕಲಿತರು. ಗಂಡಸು ಹೆಣ್ಣುಮಗುವಿನ ಜಡೆ ಹಾಕುತ್ತಾನೆ ಅನ್ನುವುದು ಊರಿಗೆ ಊರೇ ಆಡಿಕೊಳ್ಳುವ ಸಂಗತಿಯಾಗಿತ್ತು. ತುಟಿಗೆ ಬಣ್ಣ ಬಳಿದುಕೊಂಡು ಸೀರೆ ಉಟ್ಟು ಕುಣಿಯಲು ತಯಾರಾಗುತ್ತಿದ್ದ ಗಂಡಸರೇ ಅದನ್ನು ಹೆಚ್ಚು ಆಡಿಕೊಂಡವರು. ಜಗಲಿಯ ಮುದುಕಿಯರಿಂದ ಅಪ್ಪ ಜಡೆ ಕಲಿತರೆ ನಾನು ಮಾತು ಕಲಿತೆ. ನನ್ನ ಕನ್ನಡಕ್ಕೆ ಅರ್ಧ ತೆಲುಗಿನ ವರಸೆ ಬಂದದ್ದು, ಬೈಗುಳಕ್ಕೆ ಗಾದೆ ಸೇರಿಸುವ ಚಾಳಿ ಬಂದದ್ದು ಅಲ್ಲಿಂದಲೇ. ಹೋದ ಊರಿನ ಶಾಲೆಗೆಲ್ಲ ನಮ್ಮನ್ನು ಸೇರಿಸುತ್ತಿದ್ದರು. ಪ್ರತಿ ಶಾಲೆಯಲ್ಲೂ ಅದೇ ಪಾಠ ಮತ್ತೆ ಮೊದಲಿನಿಂದ, ಕೂರಲು ಅದೇ ಕೊನೆಯ ಸಾಲು. ನಾನು ನಾಲ್ಕನೇ ಕ್ಲಾಸಿನ ಪುಸ್ತಕವನ್ನು ನಾಲ್ಕು ಊರುಗಳಲ್ಲಿ ಓದಿ, ಐದನೇ ಕ್ಲಾಸಿನದನ್ನು ಎಲ್ಲೂ ಓದದೆ ಆರಕ್ಕೆ ಹೋದೆ.

ಈಗ ಹೇಳಹೊರಟಿರುವ ಊರು ಶ್ರೀನಿವಾಸಪುರದಿಂದ ರಾಯಲ್ಪಾಡಿಗೆ ಹೋಗುವ ದಾರಿಯಲ್ಲಿದೆ. ಹೆಸರು ಹೇಳುವುದಿಲ್ಲ. ಹೆಸರು ಹೇಳಿಸಿಕೊಳ್ಳುವಷ್ಟು ಘನಂದಾರಿ ಕೆಲಸ ಅದೇನೂ ಮಾಡಿಲ್ಲ. ಅಲ್ಲಿ ನಮಗೆ ಇಳಿದುಕೊಳ್ಳಲು ಕೊಟ್ಟದ್ದು ಗೌಡರ ಹುಳುಮನೆಯ ಮುಂದಿನ ಅಂಕಣ. ಒಳಗಡೆ ಬಿದಿರಿನ ತಟ್ಟೆಗಳಲ್ಲಿ ರೇಷ್ಮೆ ಹುಳ, ಹೊರಗಡೆ ನಾವು. ಹುಳಗಳಿಗೆ ಗೋಣಿತಾಟಿನ ಪರದೆ, ಗಾಳಿಗೆ ಕಿಟಕಿ. ನಮಗೆ ಎರಡೂ ಇಲ್ಲ. ಹಗಲೆಲ್ಲ ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಸಣ್ಣ ತುಂತುರು ಮಳೆಯ ಹಾಗೆ ಕೇಳಿಸುತ್ತಿತ್ತು. ಅದು ಮಾತ್ರ ನನಗೆ ಇಷ್ಟವಾಗಿತ್ತು. ಜಾಗ ಕೊಟ್ಟದ್ದಕ್ಕೆ ಪ್ರತಿಯಾಗಿ ನಾನು ಬೆಳಗ್ಗೆ ಸಂಜೆ ಸೊಪ್ಪು ಹಾಕಬೇಕು ಅಂತ ಗೌಡರ ಹೆಂಡತಿ ಗೊತ್ತು ಮಾಡಿದ್ದರು. ಆಕೆಗೆ ಹುಳಗಳೆಂದರೆ ಪ್ರಾಣ. ಮೆಣಸಿನಕಾಯಿ ಹುರಿದ ಘಾಟು ಹುಳಕ್ಕೆ ಆಗದು, ಬೀಡಿ ಹೊಗೆ ಆಗದು, ಹೊರಗಾದ ಹೆಂಗಸಿನ ನೆರಳು ಆಗದು. ಅಷ್ಟು ಸೂಕ್ಷ್ಮ ಜೀವಗಳನ್ನು ಕೊನೆಗೆ ಕುದಿಯುವ ನೀರಿಗೆ ಹಾಕಿ ನೂಲು ತೆಗೆಯುತ್ತಾರೆ ಅನ್ನುವುದನ್ನು ಮಾತ್ರ ಆಕೆ ಯಾವತ್ತೂ ಪ್ರಸ್ತಾಪ ಮಾಡುತ್ತಿರಲಿಲ್ಲ.

ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಬಕಾಸುರನ ಹಾಗೆ ತಿನ್ನುತ್ತಿದ್ದ ದಿನಗಳು. ಒಂದು ಬೆಳಗ್ಗೆ ಸೊಪ್ಪು ಹಾಕಿ ಬಗ್ಗಿ ಎದ್ದಾಗ ಗೌಡರ ಸೋದರತ್ತೆ, ನಾವು ಅವ್ವ ಅಂತ ಕರೆಯುತ್ತಿದ್ದ ಒಂಟಿ ಮುದುಕಿ, ನನ್ನ ಲಂಗದ ಹಿಂಭಾಗ ನೋಡಿದಳು. ತನ್ನ ಸೆರಗಿನಿಂದ ಮುಚ್ಚಿ ಹೊರಗೆ ಕರೆದುಕೊಂಡು ಬಂದಳು. ಅಷ್ಟರಲ್ಲಿ ಗೌಡರ ಹೆಂಡತಿಗೂ ಗೊತ್ತಾಗಿ ಹೋಯಿತು. ಆಕೆ ಗೋಳಾಡಿದ್ದು ಹುಳಗಳಿಗಾಗಿ. ಎಲ್ಲ ಹಾಲುಹುಳದ ರೋಗ ಬಂದು ಸತ್ತೇ ಹೋದವು, ಈ ಊರೂರು ಅಲೆಯುವ ಸಂತಾನವನ್ನು ಒಳಗೆ ಸೇರಿಸಿದ್ದಕ್ಕೆ ತಕ್ಕ ಶಾಸ್ತಿ ಆಯಿತು ಅಂತ ಬೀದಿಗೆಲ್ಲ ಕೇಳುವ ಹಾಗೆ ಹಣೆ ಚಚ್ಚಿಕೊಂಡರು. ನಮ್ಮ ಚಾಪೆ, ಕಂಬಳಿ, ಅಲ್ಯೂಮಿನಿಯಂ ಪಾತ್ರೆ ಎಲ್ಲ ಒಂದು ಕೋಲಿನ ತುದಿಯಲ್ಲಿ ಅಂಗಳಕ್ಕೆ ಬಂದು ಬಿದ್ದವು. ನಾನು ಸಾಯುತ್ತಿದ್ದೇನೆ ಅಂದುಕೊಂಡಿದ್ದೆ. ಅವ್ವ ನನ್ನ ಗದ್ದ ಹಿಡಿದು ಸಾಯುವುದಲ್ಲ, ದೊಡ್ಡವಳಾಗಿದ್ದೀಯ ಅಷ್ಟೇ, ಎಲ್ಲರಿಗೂ ಬರುವ ಪೀಡೆ ಇದು ಅಂತ ನಕ್ಕಳು. ಅಪ್ಪ ಓಡಿ ಬಂದವರು ಅವ್ವನ ಮುಂದೆ ಶಾಲೆಯ ಹುಡುಗನ ಹಾಗೆ ನಿಂತು, ಏನೇನು ಮಾಡಬೇಕು ಅಂತ ಕೇಳಿ ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡರು.

ನಮ್ಮ ಕಡೆಯ ಪದ್ಧತಿ ಹೀಗೆ. ಹುಡುಗಿ ಮೈನೆರೆದರೆ ಮನೆಯ ಹೊರಗೆ ಹಸಿ ಸೊಪ್ಪಿನ ಗುಡ್ಲು ಹಾಕಿ ಅದರೊಳಗೆ ಕೂರಿಸಬೇಕು. ಹಾಲು ಒಸರುವ ಮರದ ಸೊಪ್ಪೇ ಆಗಬೇಕು, ಹಲಸೋ ಅತ್ತಿಯೋ. ಹಾಕುವವನು ಸೋದರಮಾವನೇ ಆಗಬೇಕು. ಗುಡ್ಲು ಹಾಕಿದ ಮಾವನಿಗೆ ಹುಡುಗಿಯ ಮೇಲೆ ಹಕ್ಕು. ತಾನೇ ಕಟ್ಟಿಕೊಳ್ಳಬಹುದು, ತಮ್ಮನಿಗೆ ತಂದುಕೊಳ್ಳಬಹುದು. ಅವನು ಬೇಡ ಅಂದರೆ ಮಾತ್ರ ಆಚೆಯವರ ಮಾತು. ಹುಡುಗಿ ಒಳಗೆ ಇರುವಷ್ಟು ದಿನ ಅವಳನ್ನೂ ಮುಟ್ಟುವಂತಿಲ್ಲ, ಗುಡ್ಲನ್ನೂ ಮುಟ್ಟುವಂತಿಲ್ಲ. ಮುಟ್ಟಿದವರಿಗೂ ಅಷ್ಟೇ ಮೈಲಿಗೆ. ಅವಳು ತಾನಾಗಿ ಆಚೆ ಬಂದು ತಲೆಗೆ ನೀರು ಹಾಕಿಸಿಕೊಂಡ ಮೇಲೆ ಮಾವ ಗುಡ್ಲು ಕಿತ್ತು ಸುಡಬೇಕು, ಸುಡುವ ತನಕ ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಇದನ್ನು ಯಾರು ಯಾವಾಗ ಮಾಡಿದರೋ ಕಾಣೆ. ಮಾಡಿದವನು ಒಬ್ಬ ಸೋದರಮಾವನೇ ಇರಬೇಕು.

ಗೌಡರು ಪಾರ್ಟುಗಾರರನ್ನೆಲ್ಲ ಸೇರಿಸಿ ತೀರ್ಮಾನ ಹೇಳಿದರು. ಮಾಲೂರಿಗೆ ಆಳು ಕಳಿಸೋಣ, ಮಾವ ಬರುವ ತನಕ ಹುಡುಗಿ ಊರ ಹೊರಗೆ ಹುಣಸೆ ಮರದ ಕೆಳಗೆ ಇರಲಿ. ಅಲ್ಲಿ ನಿಂತಿದ್ದ ರಾಜ, ಅಂದರೆ ಗೌಡರ ಮಗ, ಮಂತ್ರಿ, ಸೇನಾಪತಿ ಎಲ್ಲರೂ ತಲೆಯಾಡಿಸಿದರು. ತಿಂಗಳುಗಟ್ಟಲೆ ನನ್ನನ್ನು ತಂಗಿ, ಕೂಸೇ ಅಂತ ಕರೆದಿದ್ದ ದೊರೆಗಳು ಆವತ್ತು ಒಬ್ಬೊಬ್ಬರೂ ತಮ್ಮ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದರು. ಎಲ್ಲಿ ಮಾವನ ಸ್ಥಾನ ತಮ್ಮ ತಲೆಗೆ ಬರುತ್ತದೋ ಅಂತ. ಅಪ್ಪ ಅವ್ವನ ಹತ್ತಿರ ಒಂದು ಮಚ್ಚು ಕೇಳಿ ಈಸಿಕೊಂಡರು. ಗೌಡರು ಏನು ಮಾಡ್ತೀರಿ ಮೇಷ್ಟ್ರೇ ಅಂತ ಕೇಳಿದಾಗ ಅಪ್ಪ ಹೇಳಿದ ಮಾತು ಹೀಗಿತ್ತು:

"ಇವಳಮ್ಮ ಮಾಡೋದನ್ನೆಲ್ಲ ನಾನೇ ಮಾಡ್ಕೊಂಡು ಬಂದಿದೀನಿ ಗೌಡ್ರೇ. ಜಡೆ ಹಾಕಿದೀನಿ, ಹೇನು ಹೆಕ್ಕಿದೀನಿ. ಅವಳ ತಮ್ಮ ಮಾಡೋದೂ ಒಂದು ಮಾಡಿಬಿಡ್ತೀನಿ."

ಏಣಿ ಯಾರೂ ಕೊಡಲಿಲ್ಲ. ಐವತ್ತರ ಹತ್ತಿರದ ಮನುಷ್ಯ ಪಂಚೆ ಎತ್ತಿ ಕಟ್ಟಿ, ರಸ್ತೆ ಪಕ್ಕದ ಹಲಸಿನ ಮರ ಹತ್ತಿ ಕೊಂಬೆ ಕಡಿದರು. ಕೆಳಗೆ ಸೀನ ಎಳೆದು ಎಳೆದು ಗುಡ್ಡೆ ಹಾಕಿದ. ಕಣದ ಮೂಲೆಯಲ್ಲಿ ಎದ್ದ ಆ ಗುಡ್ಲು ಎಡಕ್ಕೆ ವಾಲಿತ್ತು. ಬೆರಳು ನಾಜೂಕಾಗಿ ಹಾರ್ಮೋನಿಯಂ ಮನೆಗಳ ಮೇಲೆ ಆಡಿಸಿ ಅಭ್ಯಾಸವಿದ್ದವರಿಗೆ ಗಂಟು ಬಿಗಿಯಲು ಬಂದಿರಲಿಲ್ಲ. ಊರು ನಿಂತು ನಕ್ಕಿತು. ನಾನು ಒಳಗೆ ಹೋಗಿ ಕೂತೆ. ಸೊಪ್ಪಿನ ಸಂದಿಯಿಂದ ಹಸಿರು ಬೆಳಕು ಬರುತ್ತಿತ್ತು. ಸೀನ ಹಿಂದೆಯೇ ನುಗ್ಗಿ ಬಂದ. ಹುಟ್ಟಿದಾಗಿನಿಂದ ನನ್ನ ಪಕ್ಕ ಬಿಟ್ಟು ಮಲಗಿದವನಲ್ಲ. ಹೊರಗೆ ಹೆಂಗಸರೆಲ್ಲ ಹೋ ಅಂತ ಕೂಗಿಕೊಂಡರು, ಹುಡುಗನಿಗೂ ಮೈಲಿಗೆ ಆಯಿತು ಅಂತ. ಆಗಲಿ ಬಿಡಿ ಅಂತ ಅಪ್ಪ ಅಂದರು. ವಾಲಿದ ಗುಡ್ಲನ್ನು ಹಿಡಿದು ನಿಂತಿದ್ದ ಅಪ್ಪನಿಗೂ ಆಗಿತ್ತು. ಮೈಲಿಗೆಯಾದ ಮೇಷ್ಟ್ರು ಭಜನೆ ಮನೆಗೆ ಕಾಲಿಡುವಂತಿಲ್ಲ, ಹಾಗಾಗಿ ನಾಟಕದ ಪ್ರಾಕ್ಟೀಸು ನಿಂತಿತು. ಸರದಿ ಊಟವೂ ನಿಂತಿತು.

ಆಮೇಲಿನ ದಿನಗಳ ಬಗ್ಗೆ ನನಗೆ ಯಾರು ಏನೇ ಕನಿಕರ ತೋರಿಸಿದರೂ ನಗು ಬರುತ್ತದೆ. ಅಪ್ಪ ಗುಡ್ಲಿನ ಮುಂದೆ ಮೂರು ಕಲ್ಲು ಹೂಡಿ ಒಲೆ ಹಚ್ಚಿದರು. ಅವ್ವ ರಾಗಿ ಹಿಟ್ಟು, ಬೆಲ್ಲ, ಎಳ್ಳು, ಕೊಬ್ಬರಿ ಸೆರಗಿನಲ್ಲಿ ಮುಚ್ಚಿಕೊಂಡು ತಂದು ದೂರದಲ್ಲಿ ಇಟ್ಟು ಹೋಗುವಳು. ಅಪ್ಪ ಮುದ್ದೆ ತಿರುವಿದ್ದು ಅದೇ ಮೊದಲು. ಒಳಗೆಲ್ಲ ಗಂಟು. ಬೇಳೆಯ ಸಾರಿಗೆ ಉಪ್ಪು ಹೆಚ್ಚು. ಎಷ್ಟೋ ವರ್ಷಗಳ ಮೇಲೆ ನಾವು ಇನ್ನೊಬ್ಬರ ಹೊಸ್ತಿಲ ಒಳಗೆ ಗೋಡೆಗೆ ಆತುಕೊಂಡು ಕೂರದೆ, ಬಡಿಸುವವಳ ಮುಖ ನೋಡದೆ, ಇನ್ನೊಂದು ಚೂರು ಹಾಕು ಅಂತ ಬಾಯಿ ಬಿಟ್ಟು ಕೇಳಿ ಉಂಡೆವು. ಗಂಟು ಮುದ್ದೆಗಾಗಿ ನಾನೂ ಸೀನನೂ ಜಗಳ ಆಡಿದೆವು. ಅದು ನಮ್ಮ ಮೊದಲ ಅಡುಗೆಮನೆ. ಸಂಜೆಗೆ ಅಪ್ಪ ಹಾರ್ಮೋನಿಯಂ ತೆಗೆದು ಕೂರುವರು. ಯಾವ ರಾಜನ ಗಂಟಲನ್ನೂ ಹುಡುಕಬೇಕಾಗಿಲ್ಲದೆ, ಸುಮ್ಮನೆ ತಮಗೆ ತೋಚಿದ್ದನ್ನು ಬಾರಿಸುವರು. ಅಪ್ಪನ ಕೈಯಲ್ಲಿ ಅಂಥ ಸಂಗೀತ ಇದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಊರವರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಸಂಭವವೂ ಇರಲಿಲ್ಲ, ಅವರು ಮೂಗು ಮುಚ್ಚಿಕೊಂಡು ಆ ದಾರಿ ಬಿಟ್ಟು ಓಡಾಡುತ್ತಿದ್ದರು.

ಪಿಳ್ಳಪ್ಪ ಮಾವ ಬಸ್ಸಿನ ಟಾಪಿನ ಮೇಲೆ ಗುಡ್ಲಿನೊಳಗೆ ಹಾಸಲು ತೆಂಗಿನ ಗರಿ ಹೇರಿಕೊಂಡು, ತಮ್ಮ ಗೋವಿಂದನನ್ನೂ ಕಟ್ಟಿಕೊಂಡು ಬಂದ. ಅಮ್ಮನ ತಿಥಿಯ ಆಚೆಗೆ ನಾವು ಅವನ ಮುಖ ನೋಡಿರಲಿಲ್ಲ. ಸೀನನಿಗೆ ಮಲೇರಿಯಾ ಆದಾಗ ಹೇಳಿ ಕಳಿಸಿದರೂ ಬಾರದವನು ಈಗ ಗರಿ ಒಣಗುವ ಮೊದಲೇ ಹಾಜರ್. ಗೋವಿಂದ ಹಂಚಿನ ಕಾರ್ಖಾನೆಯಲ್ಲಿ ಇದ್ದವನು. ಮೂವತ್ತರ ಹತ್ತಿರ. ಮೂರು ಕಡೆ ಹೆಣ್ಣು ನೋಡಿ ಮೂವರೂ ಒಲ್ಲೆ ಅಂದಿದ್ದರು ಅನ್ನುವುದನ್ನು ಅವ್ವ ಅದು ಹೇಗೋ ಆ ದಿನ ಸಂಜೆಯೊಳಗೆ ಪತ್ತೆ ಮಾಡಿದ್ದಳು. ಗುಡ್ಲು ಆಗಲೇ ಎದ್ದಿರುವುದನ್ನು ಕಂಡು ಮಾವನ ಮುಖ ಕಪ್ಪಿಟ್ಟಿತು. ಅಪ್ಪನ ಮೇಲೆ ಹಾರಾಡಿ, ಗೌಡರ ಮನೆಯಲ್ಲೇ ಇಳಿದುಕೊಂಡ. ಗೌಡರಿಗೂ ಅವನಿಗೂ ಅರ್ಧ ಗಂಟೆಯಲ್ಲಿ ಬಲು ಹೊಂದಿಕೆ ಆಯಿತು. ಒಂದೇ ಹಿಟ್ಟಿನ ಮುದ್ದೆಗಳು.

ಮಾರನೇ ದಿನ ಬಿಸಿಲು ಏರಿದ ಹೊತ್ತು ಅಣ್ಣ ತಮ್ಮ ಇಬ್ಬರೂ ಗುಡ್ಲಿನ ಹಿಂದಿನ ನೆರಳಿನಲ್ಲಿ ಬಂದು ಕೂತರು. ಸೊಪ್ಪು ಗೋಡೆಯಲ್ಲ ಅನ್ನುವುದು ಅವರಿಗೆ ಹೊಳೆಯಲಿಲ್ಲವೋ, ಒಳಗಿರುವುದಕ್ಕೆ ಕಿವಿ ಇರುತ್ತದೆ ಅಂತ ಹೊಳೆಯಲಿಲ್ಲವೋ. ಗೋವಿಂದ ಗೊಣಗುತ್ತಿದ್ದ, ಹುಡುಗಿ ಕಪ್ಪು, ಅಲೆಮಾರಿ ಬುದ್ಧಿ, ನನಗೆ ಬೇಡ ಅಂತ. ಪಿಳ್ಳಪ್ಪ ಮಾವ ಬೀಡಿ ಹಚ್ಚಿಕೊಂಡು ತಮ್ಮನಿಗೆ ಬುದ್ಧಿ ಹೇಳಿದ:

"ಲೇ, ಈಗಲೇ ಯಾವನ್ಲಾ ಕಟ್ಕೋ ಅಂದಿದ್ದು? ಇನ್ನೊಂದು ಮೂರು ನಾಕು ವರ್ಷ ಮನೇಲಿರ್ತಾಳೆ. ನಿಮ್ಮತ್ತಿಗೆ ಕೈಲಿ ಇನ್ನ ನೀರು ಸೇದಕ್ಕಾಗಲ್ಲ, ಎಮ್ಮೆ ಕಟ್ಟಕ್ಕಾಗಲ್ಲ. ಆ ಹುಡುಗನ್ನೂ ಕರ್ಕೊಂಡ್ರೆ ಕರು ಮೇಯಿಸ್ತಾನೆ. ಸುಮ್ನೆ ಕೂತ್ಕೋ."

ನನಗೆ ಅಳು ಬರಬೇಕಾಗಿತ್ತು. ಬರಲಿಲ್ಲ. ಹೆದರಿಕೆಯಂತೂ ಆಗಿತ್ತು. ಮಾಲೂರಿನ ಬಾವಿಕಟ್ಟೆ, ಅತ್ತೆಯ ಬಾಯಿ, ಅಪ್ಪ ಇಲ್ಲದ ಸಂಜೆ, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು. ಅದರ ಜೊತೆಗೆ ಇನ್ನೊಂದೂ ಹುಟ್ಟಿತು. ಅವನ ಬೀಡಿಯ ಹೊಗೆ ಸೊಪ್ಪಿನೊಳಗೆ ಬರುತ್ತಿತ್ತು. ಇಂಥವನಿಗೆ ಹೆದರಿ ಇಷ್ಟು ವರ್ಷ ಅಪ್ಪ ನಮ್ಮನ್ನು ಊರೂರು ಹೊತ್ತುಕೊಂಡು ತಿರುಗಿದರಲ್ಲಾ ಅಂತ ಅನ್ನಿಸಿ, ಆ ಮನುಷ್ಯ ನನ್ನ ಕಣ್ಣಿನಲ್ಲಿ ಹುಳುಮನೆಯ ತಟ್ಟೆಯ ಮೇಲಿನ ಹಿಕ್ಕೆಯಷ್ಟು ಚಿಕ್ಕವನಾಗಿಬಿಟ್ಟ. ನನ್ನ ಜೀವನದಲ್ಲಿ ತಿರಸ್ಕಾರ ಅನ್ನುವುದು ಏನು ಅಂತ ಗೊತ್ತಾದದ್ದು ಆ ಹೊತ್ತಿನಲ್ಲಿ. ಕೆಟ್ಟ ಗುಣ ಅನ್ನುತ್ತಾರೆ. ನನಗೆ ಅದು ಬೆನ್ನುಮೂಳೆಯ ಹಾಗೆ ಒದಗಿ ಬಂದಿದೆ.

ಮಧ್ಯಾಹ್ನ ಕಣದಲ್ಲಿ ಪಂಚಾಯ್ತಿ ಕೂತಿತು. ಗೌಡರು ಮಂಚದ ಮೇಲೆ, ಮಿಕ್ಕವರು ಸುತ್ತ. ಅಪ್ಪ ಮೈಲಿಗೆಯವರಾದ್ದರಿಂದ ದೂರದಲ್ಲಿ ನೆಲದ ಮೇಲೆ. ಮಾತು ನನ್ನ ವಿಚಾರವಾದರೂ ಗುಡ್ಲಿನ ಕಡೆ ಯಾರೂ ಮುಖ ಮಾಡಲಿಲ್ಲ. ಅಪ್ಪ ಹಾಕಿದ ಗುಡ್ಲು ಶಾಸ್ತ್ರಕ್ಕೆ ಸಲ್ಲದು ಅಂತಾಯಿತು. ಅದನ್ನು ಕಿತ್ತು ಮಾವ ಹೊಸದಾಗಿ ಹಾಕಬೇಕು, ಆಮೇಲೆ ಹುಡುಗಿಯೂ ಹುಡುಗನೂ ಮಾಲೂರಿಗೆ ಹೋಗಬೇಕು, ಬೆಳೆದ ಹೆಣ್ಣನ್ನು ಕಟ್ಟಿಕೊಂಡು ಊರೂರು ತಿರುಗುವವನನ್ನು ಇನ್ನು ಯಾವ ಊರೂ ಕರೆಯಬಾರದು ಅಂತಾಯಿತು. ನಮಗೆ ಬಾಗಿ ಬಾಗಿ ಎಲೆ ಅಡಿಕೆ ಕೊಟ್ಟು ಕರೆತಂದಿದ್ದ ಜನವೇ ಹೀಗೆ ಹೇಳಿದ್ದು. ಅಪ್ಪ ಒಂದು ಸಲ ಏಳಲು ಹೋದರು, ಕೂತ್ಕೊಳ್ಳಿ ಮೇಷ್ಟ್ರೇ ಅಂತ ಗದರಿದರು. ಕೂತರು. ಅಪ್ಪ ಹಾಗೆ ಕೂತದ್ದನ್ನು ಸೊಪ್ಪಿನ ಸಂದಿಯಿಂದ ನೋಡಿದೆ. ಗೌಡರು ಸರಿ, ಹುಡುಗಿ ಆಚೆ ಬರಲಿ, ಪಿಳ್ಳಪ್ಪ ಗುಡ್ಲು ಕೀಳಲಿ ಅಂದರು. ಆಗ ನಾನು ಒಳಗಿನಿಂದಲೇ ಮಾತಾಡಿದೆ:

"ನಾನು ಆಚೆ ಬರಲ್ಲ. ಮಾವ, ನೀನೇ ಬಂದು ಕಿತ್ತಾಕು. ನನ್ನೂ ಕೈ ಹಿಡಿದು ಎಳ್ಕೊಂಡು ಹೋಗು."

ಎಲ್ಲರ ಮುಖವೂ ಗುಡ್ಲಿನ ಕಡೆ ತಿರುಗಿತು. ಗುಡ್ಲಿನೊಳಗಿನ ಹುಡುಗಿ ಮಾತಾಡಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಪಿಳ್ಳಪ್ಪ ಮಾವ ಎರಡು ಹೆಜ್ಜೆ ಮುಂದೆ ಬಂದ. ಬಂದವನನ್ನು ತಡೆದದ್ದು ಅವ್ವ. ಅವಳು ತಡೆದಳು ಅನ್ನುವುದಕ್ಕಿಂತ ನೆನಪು ಮಾಡಿದಳು ಅನ್ನಬೇಕು. ಹೋಗಪ್ಪ, ಹೋಗು, ಒಳಗೆ ಹುಡುಗಿ ಇರುವಾಗ ಸೊಪ್ಪು ಮುಟ್ಟಿದರೆ ನಿನಗೂ ಅವಳಷ್ಟೇ ಮೈಲಿಗೆ, ನೀನೂ ಅವಳ ಜೊತೆ ಅಲ್ಲೇ ಕೂರುವೆಯಂತೆ ಅಂದಳು. ಗೌಡರ ಹೆಂಡತಿ ಜಗಲಿಯಿಂದಲೇ ಹೇಳಿದರು, ಅವನೇನಾದರೂ ಅದನ್ನು ಮುಟ್ಟಿದರೆ ತಮ್ಮ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ, ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು ಅಂತ. ಹಾಗಾದರೆ ಇನ್ನು ಯಾರಾದರೂ ಅಂತ ಗೌಡರು ಸುತ್ತ ನೋಡಿದರು. ರಾಜನಿಗೆ ಮನೆದೇವರ ಹರಕೆ. ಮಂತ್ರಿಗೆ ಅಡ್ಡ ಬಂದದ್ದು ತಾಯಿತ. ಕಾಗದದ ಕತ್ತಿ ಬೀಸಿ ಇಡೀ ಸೈನ್ಯ ಕಡಿದು ಹಾಕುತ್ತಿದ್ದ ಸೇನಾಪತಿಗೆ ಮನೆಯಲ್ಲಿ ಹಸುಗೂಸು. ಗೋವಿಂದ ಆಗಲೇ ಎರಡು ಮಾರು ಹಿಂದೆ ಸರಿದಿದ್ದ. ಹನ್ನೆರಡು ವರ್ಷದ ಒಂದು ಹುಡುಗಿಯನ್ನು ದೂರ ಇಡಲು ಅಜ್ಜ ಮುತ್ತಜ್ಜನ ಕಾಲದಿಂದ ಕಟ್ಟಿಕೊಂಡು ಬಂದ ಬೇಲಿ, ಅವರೆಲ್ಲರನ್ನೂ ಆಚೆ ನಿಲ್ಲಿಸಿ ಅವಳೊಬ್ಬಳನ್ನು ಒಳಗೆ ಭದ್ರವಾಗಿ ಕೂರಿಸಿತ್ತು. ಅಂಥ ಗಟ್ಟಿ ಕೋಟೆ ಅವರ ಯಾವ ನಾಟಕದ ರಾಜನಿಗೂ ಇರಲಿಲ್ಲ.

ನಾನು ಅವತ್ತು ಆಚೆ ಬರಲಿಲ್ಲ. ನೀರು ಹಾಕುವ ದಿನ ಬಂತು, ಆವತ್ತೂ ಬರಲಿಲ್ಲ. ಮಾವ ಮೊದಲು ಹಸಿರು ಸೀರೆ ತೋರಿಸಿದ. ಆಮೇಲೆ ಕೊಬ್ಬರಿ ಮಿಠಾಯಿ. ಆಮೇಲೆ ಅಮ್ಮನ ಹೆಸರು ಹೇಳಿ ಅತ್ತ. ಅಳು ಚೆನ್ನಾಗಿಯೇ ಅತ್ತ, ಆ ಊರಿನ ನಾಟಕದಲ್ಲಿ ಅವನಿಗೊಂದು ಪಾರ್ಟು ಕೊಡಬಹುದಾಗಿತ್ತು. ಕೊನೆಗೆ ಬೈದ. ಬೈಗುಳದಲ್ಲಿ ನಾನು ಅವನಿಗಿಂತ ಒಳ್ಳೆಯ ಶಾಲೆಗಳಲ್ಲಿ ಓದಿದ್ದೆ. ಒಳಗಿನಿಂದ ಎರಡು ಭಾಷೆಯಲ್ಲಿ ಉತ್ತರ ಕೊಟ್ಟೆ. ಬಾಡಿದ ಸೊಪ್ಪಿನ ಮೇಲೆ ಅಪ್ಪ ಹೊಸ ಸೊಪ್ಪು ಹೊದಿಸಿದರು. ನನ್ನನ್ನು ಬಾ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಒಂದು ಸಂಜೆ ಮಾತ್ರ ಗುಡ್ಲಿನ ಬಾಯಿಯಲ್ಲಿ ಕುಕ್ಕರಗಾಲಲ್ಲಿ ಕೂತು, ನೆಲ ನೋಡುತ್ತಾ ಕೇಳಿದರು:

"ಮಗಾ, ನಿಂಗೆ ನಿಜವಾಗ್ಲೂ ಒಂದು ಕಡೆ ಮನೆ ಬೇಡ್ವಾ? ನನ್ ಮುಖ ನೋಡ್ಬೇಡ, ನಿಂಗೆ ಬೇಕಿದ್ದು ಹೇಳು."

"ಇದೀನಲ್ಲಪ್ಪ ಮನೇಲಿ," ಅಂದೆ. "ಉಪ್ಪು ಒಂಚೂರು ಕಮ್ಮಿ ಹಾಕು."

ಅಪ್ಪ ಎದ್ದು ಹೋಗಿ ಬಹಳ ಹೊತ್ತು ಒಲೆಯ ಹೊಗೆಯಲ್ಲಿ ಕಣ್ಣು ಒರೆಸಿಕೊಂಡರು.

ಮೊದಲು ಸೋತವನು ಗೋವಿಂದ. ಕಾರ್ಖಾನೆಯ ರಜೆ ಮುಗಿಯಿತು ಅಂತ ಒಂದು ಬೆಳಗ್ಗೆ ಹೇಳದೆ ಹೊರಟುಹೋದ. ಮದುವೆ ಗಂಡೇ ಓಡಿದ ಮೇಲೆ ಪಿಳ್ಳಪ್ಪ ಮಾವನ ಹಕ್ಕಿಗೆ ನಿಲ್ಲಲು ಕಾಲಿರಲಿಲ್ಲ. ಗೌಡರಿಗೂ ಅವನ ಊಟ ಭಾರವಾಗಿತ್ತು, ಪ್ರಾಕ್ಟೀಸು ನಿಂತು ರಾಜನ ಪದ್ಯಗಳು ಮರೆತುಹೋಗಿದ್ದವು. ಮಧ್ಯಾಹ್ನದ ಬಸ್ಸಿಗೆ ಮಾವನೂ ಹೊರಟ. ಹಸಿರು ಸೀರೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡ. ಒಣಗಿದ ತೆಂಗಿನ ಗರಿಯನ್ನೂ ಗೌಡರ ಹೆಂಡತಿಗೆ ಪೊರಕೆಗೆ ಆಗುತ್ತದೆ ಅಂತ ಕೊಟ್ಟು ಉಪಕಾರ ಹೇಳಿಸಿಕೊಂಡೇ ಹೋದ. ಹುಳ ಒಂದೂ ಸತ್ತಿರಲಿಲ್ಲ. ಆ ಸಲ ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗಳ ತುಂಬ ಗೂಡು ಕಟ್ಟಿದ್ದವು. ಅದು ಊರಮ್ಮನ ಕೃಪೆ ಅಂತ ತೀರ್ಮಾನವಾಯಿತು.

ಮಾರನೇ ಬೆಳಗ್ಗೆ ನಾನಾಗಿ ಆಚೆ ಬಂದೆ. ಅವ್ವ ತಲೆಗೆ ನೀರು ಹಾಕಿದಳು, ಅಪ್ಪ ಜಡೆ ಹಾಕಿದರು. ಗೌಡರು ಏನೂ ನಡೆದೇ ಇಲ್ಲ ಅನ್ನುವ ಹಾಗೆ ಬಂದು, ಆದದ್ದಾಯಿತು, ಸಂಜೆ ಹಾರ್ಮೋನಿ ಪೆಟ್ಟಿಗೆ ತನ್ನಿ ಮೇಷ್ಟ್ರೇ, ರಾಜ ಕಾಯುತ್ತಿದ್ದಾನೆ ಅಂದರು. ಅಪ್ಪ ಕಂಬಳಿಯಲ್ಲಿ ಹಾರ್ಮೋನಿಯಂ ಸುತ್ತುತ್ತಾ ತಲೆ ಎತ್ತದೆ ಹೇಳಿದರು:

"ನಿಮ್ಮ ಮಗನಿಗೆ ಹಾಡಕ್ ಬರಲ್ಲ ಗೌಡ್ರೇ. ನನ್ನಿಂದಾಗಲ್ಲ, ಯಾರಿಂದಾನೂ ಆಗಲ್ಲ."

ಗುಡ್ಲು ಸುಡಬೇಕು ಅಂತ ಗೌಡರು ನೆನಪು ಮಾಡಿದರು. ಇದ್ದ ಮನೆಯನ್ನು ಯಾರಾದರೂ ಸುಡುತ್ತಾರೆಯೇ ಅಂತ ಅಪ್ಪ ಕೇಳಿದರು. ಹಾಗೇ ಬಿಟ್ಟು ಹೊರಟೆವು. ಮುಳಬಾಗಿಲಿನ ಕಡೆ ಒಂದು ಊರಿನವರು ಹಿಂದೆ ಯಾವಾಗಲೋ ಕರೆದಿದ್ದರು. ಕರೆಯಬಾರದು ಅನ್ನುವ ತೀರ್ಮಾನ ಅಲ್ಲಿಯ ತನಕ ನಡೆದು ಹೋಗಿದೆಯೋ ಇಲ್ಲವೋ ನೋಡೋಣ ಅಂದರು ಅಪ್ಪ. ರಸ್ತೆಯ ಆಚೆ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಸೀನ ನನ್ನ ಲಂಗ ಎಳೆದು ತೋರಿಸಿದ. ಗೌಡರ ಸೀಮೆಹಸು ಹಗ್ಗ ಕಿತ್ತುಕೊಂಡು ಬಂದು ನಮ್ಮ ಗುಡ್ಲಿಗೆ ಬಾಯಿ ಹಾಕಿತ್ತು. ಹಲಸಿನ ಸೊಪ್ಪು ಅಂದರೆ ಹಸುವಿಗೆ ಹೋಳಿಗೆ. ಗೌಡರ ಹೆಂಡತಿ ಕೋಲು ಹಿಡಿದು ಓಡಿ ಬಂದವರು ಹತ್ತು ಮಾರು ದೂರದಲ್ಲೇ ನಿಂತುಬಿಟ್ಟರು. ಹೋಗಿ ಹಸುವನ್ನು ಎಳೆಯಬೇಕೆಂದರೆ ಸೊಪ್ಪು ಮುಟ್ಟಬೇಕಾಗಿತ್ತು. ಅಲ್ಲಿಂದಲೇ ಲಕ್ಷ್ಮೀ, ಬಾರೇ ಲಕ್ಷ್ಮೀ ಅಂತ ಒಂದೇ ಸಮ ಕರೆಯುತ್ತಿದ್ದರು. ಲಕ್ಷ್ಮಿ ಕಿವಿ ಅಲ್ಲಾಡಿಸಲಿಲ್ಲ. ಸೂರು ಮುಗಿಸಿ ಗೋಡೆ ತಿನ್ನಲು ಶುರು ಮಾಡುವ ಹೊತ್ತಿಗೆ ನಮ್ಮ ಬಸ್ಸು ಬಂತು.